ಹಳೆಯ ಬ್ಯಾಟರಿಯ ಜಾತಕ



ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮ ತಂದೆಯದೊಂದು ಬ್ಯಾಟರಿ ಅಂಗಡಿ ಇತ್ತು. ಕೊಬ್ಬರಿ ಹೇರಿದ ಲಾರಿಗಳು ಮುಂದೆ ಬಂದು ನಿಲ್ಲುತ್ತಿದ್ದವು. ಕ್ಲೀನರ್ ಹುಡುಗ ಬ್ಯಾಟರಿ ಇಳಿಸಿ ಕಟ್ಟೆಯ ಮೇಲೆ ಇಡುತ್ತಿದ್ದ. ತಂದೆ ಆರೂ ಮುಚ್ಚಳ ತಿರುವಿ, ಹೈಡ್ರೋಮೀಟರಿನ ಗಾಜಿನ ಕೊಳವೆಗೆ ಆಸಿಡ್ ಎಳೆದು, ಒಳಗೆ ತೇಲುವ ಬುರುಡೆಯನ್ನು ಕಣ್ಣಿನ ನೇರಕ್ಕೆ ಹಿಡಿದು ಓದುತ್ತಿದ್ದರು: 1250, 1245, 1250, 1180, 1250, 1240. ಬರೆದುಕೊಳ್ಳುವುದು ನನ್ನ ಕೆಲಸ. ಉದ್ದ ಹಾಳೆಯ ರಿಜಿಸ್ಟರಿನಲ್ಲಿ ಲಾರಿ ನಂಬರು, ಬ್ಯಾಟರಿ ಕೊಂಡ ತಿಂಗಳು, ಹಿಂದಿನ ಸಲ ಚಾರ್ಜಿಗೆ ಬಂದ ದಿನ, ಆರು ಸೆಲ್ಲುಗಳ ಆರು ಅಂಕಿ ಇವೆಲ್ಲ ಇರುತ್ತಿದ್ದವು. ತಂದೆ ಅದನ್ನು ಬ್ಯಾಟರಿಯ ಜಾತಕ ಅನ್ನುತ್ತಿದ್ದರು. ನಾಲ್ಕನೆಯ ಮನೆಯಲ್ಲಿ 1180 ಬಂದರೆ ಹಿಂದಿನ ಪುಟ ತೆಗೆಸಿ ನೋಡುವರು. ಮೂರು ತಿಂಗಳ ಹಿಂದೆಯೂ ನಾಲ್ಕನೆಯದೇ ಸೊರಗಿದ್ದರೆ, "ಇದಕ್ಕೆ ಆ ಸೆಲ್ ಒಂದೇ ಕಂಟಕ, ಉಳಿದ ಐದು ಇನ್ನೂ ಎರಡು ವರ್ಷ ಬಾಳುತ್ತವೆ" ಎಂದು ಡ್ರೈವರಿಗೆ ಹೇಳುವರು. ಆ ಮಾತು ತಪ್ಪಿದ್ದು ನನಗೆ ನೆನಪಿಲ್ಲ.

ಮುಂದೆ ನಾನು ವಿದ್ಯುತ್ ಇಂಜಿನಿಯರಿಂಗ್ ಓದಿದೆ, ಅದನ್ನೇ ಮೂವತ್ತು ವರ್ಷ ಪಾಠ ಮಾಡಿದೆ. ಹಳೆಯ ವಿದ್ಯುತ್ ಕಾರುಗಳ ಬ್ಯಾಟರಿಗಳನ್ನು ಏನು ಮಾಡಬೇಕು ಎಂಬುದನ್ನು ಈ ವರ್ಷದ ದತ್ತಿ ಉಪನ್ಯಾಸಕ್ಕೆ ವಿಷಯವಾಗಿ ಆರಿಸಿಕೊಂಡಾಗ ಮೊದಲು ಕಣ್ಣ ಮುಂದೆ ಬಂದದ್ದು ಆ ರಿಜಿಸ್ಟರು. ಈ ಒಂದು ಗಂಟೆಯಲ್ಲಿ ಲೋಹಗಳ ಮಾತು ಬರುತ್ತದೆ, ಬೆಂಕಿಯ ಮಾತು ಬರುತ್ತದೆ, ಕಾನೂನಿನ ಮಾತೂ ಬರುತ್ತದೆ. ಆದರೆ ನಾನು ಹೇಳಬೇಕೆಂದು ಬಂದಿರುವುದು ಒಂದೇ. ಹಳೆಯ ಬ್ಯಾಟರಿ ಎಲ್ಲಿಂದ ಬಂತು, ಹೇಗೆ ಬಾಳಿತು, ಒಳಗೆ ಏನಿದೆ ಎಂಬುದು ಬಿಚ್ಚುವವನಿಗೆ ಗೊತ್ತಿದ್ದರೆ ಅದು ಆಸ್ತಿ. ಗೊತ್ತಿಲ್ಲದಿದ್ದರೆ ಅದೇ ಪೆಟ್ಟಿಗೆ ವಿಷ, ಅದೇ ಬೆಂಕಿ.

ಬ್ಯಾಟರಿಗೆ ವಯಸ್ಸಾಗುವುದೆಂದರೆ ಏನು? ವಿದ್ಯಾರ್ಥಿಗಳಿಗೆ ನಾನು ಕೆರೆಯ ಉದಾಹರಣೆ ಕೊಡುತ್ತಿದ್ದೆ. ಕೆರೆಗೆ ವರ್ಷವರ್ಷವೂ ಹೂಳು ಬರುತ್ತದೆ. ಏರಿ ಅಷ್ಟೇ ಎತ್ತರ ಇದ್ದರೂ ನಿಲ್ಲುವ ನೀರು ಕಡಿಮೆಯಾಗುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಯಲ್ಲಿಯೂ ಹಾಗೆಯೇ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಪ್ರತಿ ಸುತ್ತಿನಲ್ಲಿಯೂ ಕೆಲವು ಅಯಾನುಗಳು ಗ್ರಾಫೈಟಿನ ಮೇಲಿನ ತೆಳು ಪೊರೆಯೊಳಗೆ ಸಿಕ್ಕಿಕೊಂಡು ಹಿಂದಿರುಗುವುದೇ ಇಲ್ಲ. ಅದು ಹೂಳು. ಇನ್ನೊಂದು ತೊಂದರೆ ತೂಬಿನದು. ಪೊರೆ ದಪ್ಪವಾದಷ್ಟೂ ಒಳಗಿನ ರೋಧ ಹೆಚ್ಚಿ, ನೀರಿದ್ದರೂ ಬೇಕಾದ ವೇಗದಲ್ಲಿ ಹರಿಯುವುದಿಲ್ಲ. ಬಿಸಿಲಲ್ಲಿ ನಿಂತ ಗಾಡಿ, ಸದಾ ತುಂಬಿ ತುಳುಕುವಷ್ಟು ಚಾರ್ಜ್ ಮಾಡಿಟ್ಟ ಗಾಡಿ, ಮೈ ತಣ್ಣಗಿದ್ದಾಗಲೇ ಫಾಸ್ಟ್ ಚಾರ್ಜರಿಗೆ ಸಿಕ್ಕಿಸಿದ ಗಾಡಿ, ಇವಕ್ಕೆ ಹೂಳೂ ಬೇಗ, ತೂಬು ಕಟ್ಟುವುದೂ ಬೇಗ.

ಹೊಸದರಲ್ಲಿದ್ದ ಶಕ್ತಿಯಲ್ಲಿ ನೂರಕ್ಕೆ 70 ಅಥವಾ 80 ಉಳಿದಾಗ ಕಾರಿನ ಮಟ್ಟಿಗೆ ಬ್ಯಾಟರಿಯ ಕೆಲಸ ಮುಗಿಯಿತು ಅನ್ನುವುದು ವಾಡಿಕೆ. ಆದರೆ ನಮ್ಮ ಕಡೆ ಕಾಲುಭಾಗ ಹೂಳು ತುಂಬಿದ ಕೆರೆಯನ್ನು ಯಾರಾದರೂ ಒಡೆದು ಹಾಕುತ್ತಾರೆಯೇ? ಅದರ ಕೆಳಗೆ ಭತ್ತ ಆಗದಿದ್ದರೆ ರಾಗಿ ಬೆಳೆಯುತ್ತಾರೆ. ಲೆಕ್ಕ ನೋಡಿ. 2010ರಲ್ಲಿ ರಸ್ತೆಗಿಳಿದ ನಿಸ್ಸಾನ್ ಲೀಫ್ ಕಾರಿನ ಬ್ಯಾಟರಿ 24 ಕಿಲೋವ್ಯಾಟ್ ಅವರ್, ನಮ್ಮ ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 24 ಯೂನಿಟ್. ಅದರಲ್ಲಿ ಮುಕ್ಕಾಲು ಭಾಗ ಉಳಿದರೂ 18 ಯೂನಿಟ್ ಆಯಿತು. ದಿನಕ್ಕೆ ನಾಲ್ಕೈದು ಯೂನಿಟ್ ಬಳಸುವ ಮನೆಗೆ ಅದು ಮೂರು ನಾಲ್ಕು ದಿನದ ಕರೆಂಟು. ಆ ಕಾರಿನ ಮೋಟಾರಿಗೆ ಏರಿನಲ್ಲಿ 80 ಕಿಲೋವ್ಯಾಟ್‌ವರೆಗೂ ಬೇಕು, ಮನೆಗೆ ಒಂದು ಕಿಲೋವ್ಯಾಟ್ ಆದರೆ ಧಾರಾಳ. ತೂಬು ಅರ್ಧ ಕಟ್ಟಿದ್ದರೂ ಮನೆಯ ದೀಪಕ್ಕೆ, ಫ್ಯಾನಿಗೆ, ಅಂಗಡಿಯ ಫ್ರಿಜ್ಜಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಕಾರಿಗೆ ಮುದುಕನಾದದ್ದು ಮನೆಗೆ ಇನ್ನೂ ಆಳು.

ಇದನ್ನು ಅರ್ಥ ಮಾಡಿಕೊಂಡು ಮೊದಲೇ ಕೈಹಾಕಿದವರು ಜಪಾನಿನವರು. ಲೀಫ್ ಮಾರುಕಟ್ಟೆಗೆ ಬಂದ 2010ರಲ್ಲಿಯೇ ನಿಸ್ಸಾನ್ ಮತ್ತು ಸುಮಿಟೊಮೊ ಸೇರಿ ಫೋರ್‌ ಆರ್ ಎನರ್ಜಿ ಎಂಬ ಸಂಸ್ಥೆ ಕಟ್ಟಿದವು. ಮಗು ಹುಟ್ಟಿದ ವರ್ಷವೇ ಅದರ ಮುಪ್ಪಿನ ಯೋಚನೆ ಮಾಡಿದ ಹಾಗೆ. 2018ರ ಮಾರ್ಚಿನಲ್ಲಿ ಅದರ ಕಾರ್ಖಾನೆ ಫುಕುಶಿಮಾ ಪ್ರಾಂತದ ನಾಮಿಯೆ ಎಂಬ ಊರಲ್ಲಿ ತೆರೆಯಿತು. 2011ರ ಅಣು ಸ್ಥಾವರದ ದುರಂತದಲ್ಲಿ ಇಡೀ ಊರೇ ಖಾಲಿಯಾಗಿತ್ತು. ಒಂದಷ್ಟು ಭಾಗಕ್ಕೆ ಜನ ಮರಳಬಹುದು ಎಂದು ಅಪ್ಪಣೆಯಾದದ್ದು 2017ರಲ್ಲಿ. ಜನ ಬಿಟ್ಟುಹೋದ ಊರಿಗೆ, ಕಾರು ಬಿಟ್ಟುಹೋದ ಬ್ಯಾಟರಿಗಳು ಬಂದವು. ಅವುಗಳಿಂದ ಅಲ್ಲಿ ಬೀದಿದೀಪವನ್ನೂ ಹಚ್ಚಿದರು.

ನಾಮಿಯೆಯಲ್ಲಿ ನಡೆಯುವ ಕೆಲಸ ನಮ್ಮ ತಂದೆಯ ಅಂಗಡಿಯದೇ, ಅಳತೆ ಮಾತ್ರ ದೊಡ್ಡದು. ಲೀಫಿನ ಪೆಟ್ಟಿಗೆಯೊಳಗೆ 48 ಮಾಡ್ಯೂಲ್‌ಗಳು, ಒಂದೊಂದರಲ್ಲಿ ನಾಲ್ಕು ಸೆಲ್. ಒಂದೊಂದು ಮಾಡ್ಯೂಲನ್ನೂ ತುಂಬಿಸಿ, ಖಾಲಿ ಮಾಡಿ, ಅಳೆದು ದರ್ಜೆ ಕಟ್ಟುತ್ತಾರೆ. ಚೆನ್ನಾಗಿ ಉಳಿದದ್ದು ಎ ದರ್ಜೆ, ಅದು ಮತ್ತೆ ಕಾರಿಗೇ ಹೋಗುತ್ತದೆ. ಬಿ ದರ್ಜೆಯದು ಗೋದಾಮಿನ ಫೋರ್ಕ್‌ಲಿಫ್ಟಿಗೆ, ದೊಡ್ಡ ವಿದ್ಯುತ್ ಸಂಗ್ರಹಕ್ಕೆ. ಸಿ ದರ್ಜೆಯದು ಕರೆಂಟ್ ಹೋದಾಗ ಅಂಗಡಿ ಮಳಿಗೆಗಳಿಗೆ ಬೆಳಕು ಕೊಡುವ ಕೆಲಸಕ್ಕೆ. ಆ ಸಂಸ್ಥೆಯವರೇ ಹೇಳಿಕೊಂಡ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಶುರುವಿನಲ್ಲಿ ಒಂದು ಪೆಟ್ಟಿಗೆಯ 48 ಮಾಡ್ಯೂಲ್ ಅಳೆಯಲು 16 ದಿನ ಹಿಡಿಯುತ್ತಿತ್ತಂತೆ. ಆಮೇಲೆ ಅದನ್ನು ನಾಲ್ಕು ಗಂಟೆಗೆ ಇಳಿಸಿದರು. ಕಾರು ತಯಾರಿಸಿದವನೇ ಬ್ಯಾಟರಿಯನ್ನೂ ಅಳೆಯುತ್ತಿದ್ದುದರಿಂದ ಕಾರಿನ ಒಳಗಿನ ಲೆಕ್ಕ ಕೈಯಲ್ಲಿತ್ತು. ಹಾಗೆ ದುರಸ್ತಿಯಾದ ಪೆಟ್ಟಿಗೆಯನ್ನು 2018ರಲ್ಲಿ 3 ಲಕ್ಷ ಯೆನ್‌ಗೆ ಮಾರಿದರು, ಹೊಸದಕ್ಕೆ 6.5 ಲಕ್ಷ ಯೆನ್ ಇತ್ತು. ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹದಿನಾರು ದಿನ ನಾಲ್ಕು ಗಂಟೆಯಾದ ಸಂಗತಿಯೇ. ಸೆಲ್ಲಿನ ರಸಾಯನ ಬದಲಾಗಲಿಲ್ಲ, ಜಾತಕ ಓದುವುದು ಸುಲಭವಾಯಿತು, ಅಷ್ಟೆ.

ಹಾಗೆ ಓದಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೀದಿಯದೇ ಒಂದು ಪ್ರಸಂಗ ಹೇಳುತ್ತೇನೆ. ನೆರೆಮನೆಯ ಹುಡುಗನ ವಿದ್ಯುತ್ ಸ್ಕೂಟರು ನಾಲ್ಕನೆಯ ವರ್ಷ ಇದ್ದಕ್ಕಿದ್ದಂತೆ ನಿಂತಿತು. ಸರ್ವಿಸ್ ಸೆಂಟರಿನವರು ಕಂಪ್ಯೂಟರು ತಗುಲಿಸಿ, ಬ್ಯಾಟರಿ ಸತ್ತಿದೆ, ಇಡೀ ಪೆಟ್ಟಿಗೆ ಬದಲಿಸಬೇಕು ಎಂದರು. ಯಾವ ಸೆಲ್ ಕೆಟ್ಟಿದೆ ಎಂದು ಕೇಳಿದರೆ ಅದು ನಮಗೂ ಕಾಣುವುದಿಲ್ಲ ಎಂದರು. ಹೇಳಿದ ಬೆಲೆ ಆ ಹುಡುಗನ ಎರಡು ತಿಂಗಳ ಸಂಬಳ. ವಾರಂಟಿ ಮುಗಿದಿದ್ದ ಆ ಪೆಟ್ಟಿಗೆಯನ್ನು ಅವನು ನನ್ನ ಹತ್ತಿರ ತಂದ. ನನ್ನ ಹಳೆಯ ಕಾಲೇಜಿನ ಪ್ರಯೋಗಾಲಯದಲ್ಲಿ, ರಬ್ಬರ್ ಗವಸು ತೊಟ್ಟು, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು, ಇಬ್ಬರು ವಿದ್ಯಾರ್ಥಿಗಳ ಜೊತೆ ಅದನ್ನು ಬಿಚ್ಚಿದೆವು. ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಸುತ್ತಲೂ ಗೋಂದು. ಬಿಸಿಗಾಳಿ ಹಾಯಿಸಿ ಪ್ಲಾಸ್ಟಿಕ್ ಬಿಲ್ಲೆಯಿಂದ ಇಂಚಿಂಚಾಗಿ ಬಿಡಿಸಲು ಎರಡು ಗಂಟೆ ಬೇಕಾಯಿತು. ಒಳಗೆ 168 ಸೆಲ್‌ಗಳು. ಬೆರಳಿಗಿಂತ ತುಸು ದಪ್ಪನೆಯ ಉಕ್ಕಿನ ಉರುಳೆಗಳು. ಹನ್ನೆರಡರಂತೆ 14 ಗುಂಪು, ಗುಂಪಿನಿಂದ ಗುಂಪಿಗೆ ನಿಕ್ಕಲ್ ಪಟ್ಟಿಯ ಬೆಸುಗೆ. ಮೀಟರಿನ ಕಡ್ಡಿ ಇಡುತ್ತಾ ಹೋದೆವು: 3.72, 3.71, 3.72, 3.73, 3.72, 3.72. ಏಳನೆಯ ಗುಂಪು 3.18. ಎಂಟರಿಂದ ಮತ್ತೆ 3.72. ಏಳನೆಯದರಲ್ಲಿ ಒಂದೊಂದೇ ಸೆಲ್ಲಿನ ಬೆಸುಗೆ ಬಿಡಿಸಿ ಎರಡು ದಿನ ಇಟ್ಟು ನೋಡಿದಾಗ, ಹನ್ನೆರಡರಲ್ಲಿ ಎರಡು ತಮ್ಮಷ್ಟಕ್ಕೆ ತಾವೇ ಸೋರುತ್ತಿದ್ದವು. ಜೊತೆಗಿದ್ದ ಹತ್ತನ್ನೂ ಕೆಳಕ್ಕೆ ಎಳೆಯುತ್ತಿದ್ದವು. 168ರಲ್ಲಿ 166 ಸೆಲ್ ಗಟ್ಟಿಯಾಗಿದ್ದವು.

ಪೆಟ್ಟಿಗೆಯೊಳಗೇ ಇರುವ ಪುಟ್ಟ ಹಸಿರು ಫಲಕ, ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಬಿಎಂಎಸ್ ಅನ್ನುತ್ತೇವಲ್ಲ, ಅದಕ್ಕೆ ಈ ಸಂಗತಿ ಗೊತ್ತಿತ್ತು. ಪ್ರತಿ ಗುಂಪಿನ ವೋಲ್ಟೇಜು, ಕಾವು, ಎಷ್ಟು ಸಲ ತುಂಬಿತು, ಎಷ್ಟು ಸಲ ಬರಿದಾಯಿತು ಎಲ್ಲವನ್ನೂ ಅದು ನೋಡುತ್ತಲೇ ಇರುತ್ತದೆ. ತಂದೆ ಕೈಯಿಂದ ಬರೆಸಿದ್ದಕ್ಕಿಂತ ಸಾವಿರ ಪಾಲು ವಿವರವಾದ ಜಾತಕ. ಆದರೆ ಅದಕ್ಕೆ ಬೀಗ. ಬೀಗದ ಕೈ ತಯಾರಕನಲ್ಲಿ, ದುಡ್ಡು ಕೊಟ್ಟು ಕೊಂಡವನಲ್ಲಿ ಅಲ್ಲ. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಸಭೆಯಲ್ಲಿ ಹುಡುಗರಿದ್ದೀರಿ. ಸ್ಕೂಟರಿನದು 50 ವೋಲ್ಟ್. ಕಾರಿನದು 350, 400 ವೋಲ್ಟ್, ಅದೂ ಡಿಸಿ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ, ಅದರಿಂದ ಕಿಡಿ ಆರಲು ಎಡೆ ಸಿಗುತ್ತದೆ. ಡಿಸಿ ಸೊನ್ನೆ ಮುಟ್ಟುವುದೇ ಇಲ್ಲ. ಹತ್ತಿದ ಕಿಡಿ ಹಾಗೆಯೇ ನಿಂತು ತಾಮ್ರವನ್ನು ಕರಗಿಸುತ್ತದೆ. ಸೆಲ್ಲಿಗೆ ಮೊಳೆ ತಾಗಿದರೆ ಅದರ ಕಾವು ಪಕ್ಕದ್ದಕ್ಕೆ, ಪಕ್ಕದ್ದರಿಂದ ಮುಂದಿನದಕ್ಕೆ ಹತ್ತುತ್ತಾ ಹೋಗುತ್ತದೆ. ಒಳಗಿನ ದ್ರಾವಣದಲ್ಲಿ ಫ್ಲೋರಿನ್ ಇರುವ ಉಪ್ಪಿದೆ, ಅದಕ್ಕೆ ತೇವ ತಾಗಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಅದು ಚರ್ಮ ದಾಟಿ ಎಲುಬಿನವರೆಗೂ ಇಳಿಯುವ ವಿಷ. ಮನೆಯ ಪಡಸಾಲೆಯಲ್ಲಿ ಮಾಡುವ ಕೆಲಸ ಇದಲ್ಲ.

ಮರುಬಳಕೆ ಎಂದೊಡನೆ ಎಲ್ಲ ಹಳೆಯ ಬ್ಯಾಟರಿಗೂ ಎರಡನೇ ಬಾಳು ಕಟ್ಟಬಹುದು ಎಂದು ನಾನು ಹೇಳುತ್ತಿಲ್ಲ. ಎರಡು ಅಡ್ಡಿಗಳಿವೆ. ಒಂದು ಬೆಲೆ. 2010ರ ಹೊತ್ತಿಗೆ ಒಂದು ಯೂನಿಟ್ ಹಿಡಿಯುವ ಹೊಸ ಬ್ಯಾಟರಿಗೆ 1,000 ಡಾಲರ್‌ಗೂ ಮೇಲಿತ್ತು. ಬ್ಲೂಮ್‌ಬರ್ಗ್‌ನವರ ಸಮೀಕ್ಷೆಯ ಪ್ರಕಾರ 2024ರಲ್ಲಿ ಅದರ ಸರಾಸರಿ 115 ಡಾಲರ್. ಹೊಸದೇ ಇಷ್ಟು ಅಗ್ಗವಾದಾಗ, ಹಳೆಯದನ್ನು ಬಿಚ್ಚಿ, ಅಳೆದು, ಹೊಂದಿಸಿ ಕಟ್ಟುವ ಕೂಲಿಯೇ ಭಾರವಾಗುತ್ತದೆ. ಆದ್ದರಿಂದ ಕ್ಯಾಲಿಫೋರ್ನಿಯಾದ ಲ್ಯಾಂಕಾಸ್ಟರ್‌ನಲ್ಲಿ ಬಿ2ಯು ಎಂಬ ಸಂಸ್ಥೆ ಪೆಟ್ಟಿಗೆಗಳನ್ನು ಬಿಚ್ಚುವುದೇ ಇಲ್ಲ. ಕಾರಿನಿಂದ ಇಳಿಸಿದ ಹಾಗೆಯೇ ಸಾಲಾಗಿ ಜೋಡಿಸಿ, ಹಗಲು ಬಿಸಿಲಿನಿಂದ ತುಂಬಿಸಿ, ಸಂಜೆ ಗ್ರಿಡ್ಡಿಗೆ ಕೊಡುತ್ತದೆ. ನೆವಾಡಾದಲ್ಲಿ ರೆಡ್‌ವುಡ್ ಮೆಟೀರಿಯಲ್ಸ್, ಟೆಸ್ಲಾದ ಸಹಸಂಸ್ಥಾಪಕ ಜೆ.ಬಿ. ಸ್ಟ್ರಾಬೆಲ್ 2017ರಲ್ಲಿ ಕಟ್ಟಿದ ಕಂಪನಿ, ಪುಡಿ ಮಾಡಲೆಂದು ಬಂದ ಬ್ಯಾಟರಿಗಳಲ್ಲಿ ಇನ್ನೂ ಜೀವ ಇರುವುದನ್ನು ಕಂಡು, 2025ರಲ್ಲಿ ಅವನ್ನೇ ಸೇರಿಸಿ 63 ಮೆಗಾವ್ಯಾಟ್ ಅವರ್‌ನ ಸಂಗ್ರಹ ಕಟ್ಟಿ ಒಂದು ಡೇಟಾ ಸೆಂಟರಿಗೆ ಕರೆಂಟು ಕೊಟ್ಟಿತು.

ಎರಡನೆಯ ಅಡ್ಡಿ ಸುರಕ್ಷತೆ. ಚೀನಾದಲ್ಲಿ 2018ರಿಂದ ಮೊಬೈಲ್ ಟವರುಗಳಿಗೆ ಸೀಸದ ಬ್ಯಾಟರಿ ಬಿಟ್ಟು ಕಾರು, ಬಸ್ಸುಗಳ ಹಳೆಯ ಬ್ಯಾಟರಿ ಹಾಕುವ ಕೆಲಸ ಬಹಳ ದೊಡ್ಡದಾಗಿ ನಡೆಯಿತು. ಆದರೆ 2021ರಲ್ಲಿ ಬೀಜಿಂಗಿನ ಒಂದು ವಿದ್ಯುತ್ ಸಂಗ್ರಹ ಕೇಂದ್ರದಲ್ಲಿ ಬೆಂಕಿ ಬಿದ್ದು ಸ್ಫೋಟವಾಗಿ ಇಬ್ಬರು ಅಗ್ನಿಶಾಮಕರು ತೀರಿಕೊಂಡ ಮೇಲೆ, ಹಳೆಯ ಬ್ಯಾಟರಿಗಳ ದೊಡ್ಡ ಸಂಗ್ರಹಗಳಿಗೆ ಸದ್ಯ ಅನುಮತಿ ಬೇಡ ಎಂಬ ಕರಡು ನಿಯಮ ಅಲ್ಲಿ ಬಂತು. ಆ ಹಿಂಜರಿಕೆ ನನಗೆ ಸರಿಯೆನಿಸುತ್ತದೆ. ಬಾಳಿನ ವಿವರ ಗೊತ್ತಿಲ್ಲದ ಬ್ಯಾಟರಿಯನ್ನು ಸಾವಿರದ ಲೆಕ್ಕದಲ್ಲಿ ಒಟ್ಟಿಗೆ ಪೇರಿಸಬಾರದು. ವಿವರ ಇದ್ದರೆ ಎರಡನೇ ಬಾಳು, ಇಲ್ಲದಿದ್ದರೆ ನೇರ ಲೋಹ ತೆಗೆಯುವ ಕಾರ್ಖಾನೆಗೆ. ನನ್ನ ಮಟ್ಟಿಗೆ ಗೆರೆ ಎಳೆಯಬೇಕಾದದ್ದು ಅಲ್ಲಿ.

ನಮ್ಮ ಬೆಂಗಳೂರಿಗೆ ಬರೋಣ. ಚೇತನ್ ಮೈನಿಯವರ ರೇವಾ ವಿದ್ಯುತ್ ಕಾರು ಇಲ್ಲಿ ರಸ್ತೆಗಿಳಿದದ್ದು 2001ರಲ್ಲಿ. ಅದರ ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿದ್ದವು. ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಲ್ಲಿ ಓಡಿದ ಕಾರು ಅದೇ. ಅದೇ 2001ರ ಫೆಬ್ರವರಿ ಕೊನೆಗೆ ಕೋಲಾರದ ಚಿನ್ನದ ಗಣಿ ಮುಚ್ಚಿತು. ಅದೇ ವರ್ಷ ಸೀಸದ ಬ್ಯಾಟರಿಗಳ ವಿಲೇವಾರಿಗೆ ಕೇಂದ್ರ ಸರ್ಕಾರ ಮೊದಲ ನಿಯಮ ತಂದಿತು. ಮೂರಕ್ಕೂ ಪರಸ್ಪರ ಸಂಬಂಧವಿಲ್ಲ ನಿಜ. ಆದರೂ ನನ್ನ ಮನಸ್ಸಿನಲ್ಲಿ ಅವು ಒಟ್ಟಿಗೇ ಕೂತಿವೆ. ಕೆಜಿಎಫ್‌ನಲ್ಲಿ ಚಿನ್ನ ಹೋಯಿತು, ಸೈನೈಡ್ ಬೆರೆತ ತ್ಯಾಜ್ಯದ ದಿಬ್ಬಗಳು ಉಳಿದವು. ಬೇಸಿಗೆಯ ಗಾಳಿಗೆ ಇಂದಿಗೂ ಅವುಗಳ ದೂಳು ಮನೆಗಳ ಮೇಲೆ ಕೂರುತ್ತದೆ. ಲೋಹ ತೆಗೆದವರು ಹೊರಟುಹೋದ ಮೇಲೆ ಏನು ಉಳಿಯುತ್ತದೆ ಎಂಬುದು ನಮ್ಮ ನಾಡಿಗೆ ಹೊಸ ಪಾಠವಲ್ಲ.

ಸೀಸದ ಕಥೆ ಇನ್ನೂ ಹತ್ತಿರದ್ದು. ಮರುಬಳಕೆಯಲ್ಲಿ ಸೀಸದ ಬ್ಯಾಟರಿಯನ್ನು ಮೀರಿಸಿದ ವಸ್ತು ಬಹುಶಃ ಇಲ್ಲ. ತಂದೆಯ ಅಂಗಡಿಯಲ್ಲಿ ಒಂದೇ ಒಂದು ಸತ್ತ ಬ್ಯಾಟರಿಯೂ ತಿಪ್ಪೆಗೆ ಹೋದದ್ದಿಲ್ಲ. ತೂಕಕ್ಕೆ ಹಾಕಿ ಗುಜರಿಯವರು ಒಯ್ಯುತ್ತಿದ್ದರು. ಒಮ್ಮೆ ನಾನೂ ಅವರ ಜೊತೆ ಗಾಡಿಯಲ್ಲಿ ಹೋಗಿದ್ದೆ. ಊರಾಚೆಯ ತೋಪಿನಲ್ಲಿ ಮೂವರು ಕೊಡಲಿಯಿಂದ ಪೆಟ್ಟಿಗೆ ಒಡೆಯುತ್ತಿದ್ದರು. ಆಸಿಡ್ ಹಾಗೆಯೇ ಹಳ್ಳಕ್ಕೆ ಹರಿಯುತ್ತಿತ್ತು, ಹರಿದ ದಾರಿಯಲ್ಲಿ ಹುಲ್ಲು ಸುಟ್ಟು ಕಂದಾಗಿತ್ತು. ಸೀಸ 327 ಡಿಗ್ರಿಗೇ ಕರಗುತ್ತದೆ, ಅದಕ್ಕೆ ಕಬ್ಬಿಣದ ಬಾಣಲೆಯೂ ಇದ್ದಿಲೂ ಸಾಕು. ಬಾಣಲೆಯ ಪಕ್ಕದಲ್ಲಿ ಒಬ್ಬ ಹೆಂಗಸು ಮಗುವಿಗೆ ಅನ್ನ ಕಲಸಿ ಉಣಿಸುತ್ತಿದ್ದಳು. ಕರಗಿದ ಸೀಸ ಅಚ್ಚಿಗೆ ಬಿದ್ದಾಗ ಬೆಳ್ಳಿಯ ಹಾಗೆ ಹೊಳೆಯಿತು, ನನಗೆ ಆ ದಿನ ಅದು ಚೆಂದ ಕಂಡಿತ್ತು. ಆ ಹೊಗೆ ಮಗುವಿನ ರಕ್ತಕ್ಕೆ ಇಳಿದು ಬುದ್ಧಿಯನ್ನೇ ತಿನ್ನುತ್ತದೆ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನಮ್ಮ ದೇಶದ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಅಳೆಯುವ ಕೆಲಸವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಹಟ ಹಿಡಿದು ವರ್ಷಗಟ್ಟಲೆ ನಡೆಸಿದರು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ ವರದಿ, ಭಾರತದ 27.5 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಮಿಗಿಂತ ಹೆಚ್ಚು ಸೀಸವಿದೆ ಎಂದು ಅಂದಾಜು ಮಾಡಿತು. ಎಗ್ಗಿಲ್ಲದೆ ನಡೆಯುವ ಬ್ಯಾಟರಿ ಕರಗಿಸುವ ಕಸುಬನ್ನು ಅದರ ದೊಡ್ಡ ಕಾರಣಗಳಲ್ಲಿ ಒಂದೆಂದು ಹೇಳಿತು. ನೂರಕ್ಕೆ ಎಷ್ಟು ಮರುಬಳಕೆಯಾಯಿತು ಎಂಬ ಒಂದೇ ಅಂಕಿಯನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಸೀಸ ಮರಳಿ ಬಂತು. ಯಾರ ಕೈಯಿಂದ, ಯಾವ ಒಲೆಯಿಂದ ಬಂತು ಎಂದು ಯಾರೂ ಕೇಳಲಿಲ್ಲ.

ಲಿಥಿಯಂ ಬ್ಯಾಟರಿಯಿಂದ ಲೋಹ ತೆಗೆಯುವುದು ಬಾಣಲೆಯ ಕೆಲಸವಲ್ಲ. ಮೊದಲು ಉಳಿದ ಚಾರ್ಜನ್ನು ಪೂರ್ತಿ ಇಳಿಸಬೇಕು. ಆಮೇಲೆ ಗಾಳಿ ಸೋಕದಂತೆ ನೈಟ್ರೋಜನ್ ತುಂಬಿದ ಯಂತ್ರದಲ್ಲೋ ನೀರಿನೊಳಗೋ ಚೂರು ಮಾಡಬೇಕು. ಉಕ್ಕನ್ನು ಅಯಸ್ಕಾಂತ ಎಳೆಯುತ್ತದೆ. ತಾಮ್ರದ, ಅಲ್ಯೂಮಿನಿಯಂನ ತೆಳ್ಳನೆಯ ಹಾಳೆಗಳು ಜರಡಿಯ ಮೇಲೆ ನಿಲ್ಲುತ್ತವೆ. ಕೆಳಗೆ ಉದುರುವುದು ಕಾಡಿಗೆಯಂಥ ಕಪ್ಪು ಪುಡಿ. ಕಸುಬಿನವರು ಬ್ಲ್ಯಾಕ್ ಮಾಸ್ ಅನ್ನುತ್ತಾರೆ. ಗ್ರಾಫೈಟು, ಲಿಥಿಯಂ, ನಿಕ್ಕಲ್, ಕೋಬಾಲ್ಟ್, ಮ್ಯಾಂಗನೀಸ್ ಎಲ್ಲ ಅದರಲ್ಲಿಯೇ. ಅದನ್ನು ಗಂಧಕಾಮ್ಲದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಕರಗಿಸಿ, ಒಂದೊಂದೇ ಲೋಹವನ್ನು ಬೇರ್ಪಡಿಸುವುದು ಒಂದು ದಾರಿ. ಬೆಲ್ಜಿಯಂನ ಹೊಬೊಕನ್‌ನಲ್ಲಿ ಯೂಮಿಕೋರ್ ಮಾಡುತ್ತಾ ಬಂದ ಹಾಗೆ ದೊಡ್ಡ ಕುಲುಮೆಯಲ್ಲಿ ಕಾಯಿಸಿ ನಿಕ್ಕಲ್, ಕೋಬಾಲ್ಟ್, ತಾಮ್ರಗಳ ಮಿಶ್ರಲೋಹ ತೆಗೆಯುವುದು ಇನ್ನೊಂದು. ಕುಲುಮೆಯ ದಾರಿಯಲ್ಲಿ ಲಿಥಿಯಂ ಕಿಟ್ಟದೊಳಗೆ ಹೋಗುತ್ತದೆ, ಅಲ್ಲಿಂದ ಅದನ್ನು ತೆಗೆಯಲು ಮತ್ತೊಂದು ಖರ್ಚು.

ಈ ಕೆಲಸದಲ್ಲಿ ಲಾಭ ತರುವುದು ಕೋಬಾಲ್ಟ್ ಮತ್ತು ನಿಕ್ಕಲ್. ಜಗತ್ತಿನ ಕೋಬಾಲ್ಟಿನಲ್ಲಿ ನೂರಕ್ಕೆ 70ರಷ್ಟು ಕಾಂಗೋ ದೇಶದ ಗಣಿಗಳಿಂದಲೇ ಬರುತ್ತದೆ; ಅಲ್ಲಿ ಬರಿಗೈಯಲ್ಲಿ ಅಗೆಯುವ ಮಕ್ಕಳ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಆದರೆ ನಮ್ಮ ಬಸ್ಸುಗಳಲ್ಲಿ, ನೆಕ್ಸಾನ್‌ನಂಥ ಕಾರುಗಳಲ್ಲಿ ಇರುವುದು ಎಲ್‌ಎಫ್‌ಪಿ, ಲಿಥಿಯಂ ಕಬ್ಬಿಣ ಫಾಸ್ಫೇಟ್. 1990ರ ದಶಕದಲ್ಲಿ ಟೆಕ್ಸಸ್‌ನಲ್ಲಿ ಜಾನ್ ಗುಡ್‌ಇನಫ್ ಅವರ ಪ್ರಯೋಗಾಲಯದಲ್ಲಿ ಹುಟ್ಟಿದ ರಸಾಯನ ಅದು. ಬಿಸಿಲು ತಡೆಯುತ್ತದೆ, ಬೇಗ ಬೆಂಕಿ ಹತ್ತುವುದಿಲ್ಲ, ಅಗ್ಗ, ದೀರ್ಘಾಯು. ನಮ್ಮ ಹವೆಗೆ ಹೇಳಿ ಮಾಡಿಸಿದ ಹಾಗಿದೆ. ಅದರಲ್ಲಿ ಕೋಬಾಲ್ಟ್ ಇಲ್ಲ, ನಿಕ್ಕಲ್ ಇಲ್ಲ. ಕರಗಿಸಿದರೆ ಸಿಗುವುದು ಕಬ್ಬಿಣ, ಫಾಸ್ಫೇಟ್ ಮತ್ತು ಒಂದಿಷ್ಟು ಲಿಥಿಯಂ. ಬಾಳುವಾಗ ಒಳ್ಳೆಯದಾದದ್ದು ಸತ್ತ ಮೇಲೆ ಯಾರಿಗೂ ಬೇಡವಾಗುತ್ತದೆ. ಆದ್ದರಿಂದ ನಮ್ಮ ದೇಶದ ಮಟ್ಟಿಗೆ ಎರಡು ಮಾತು ಸ್ಪಷ್ಟ. ಎಲ್‌ಎಫ್‌ಪಿಗೆ ಮೊದಲು ಎರಡನೇ ಬಾಳನ್ನೇ ಹುಡುಕಬೇಕು. ಆ ಬಾಳು ಮುಗಿದ ಮೇಲೆ ಲೋಹದ ಬೆಲೆ ಅದರ ಅಂತ್ಯಕ್ರಿಯೆಯ ಖರ್ಚನ್ನು ಹೊರುವುದಿಲ್ಲ, ಮಾರಿದವನೇ ಹೊರಬೇಕು.

ಕಾನೂನು ಈ ಎರಡನೆಯ ಮಾತನ್ನು ಹೇಳಿದೆ. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕನ ಮೇಲೆಯೇ ಹೊಣೆ ಹೊರಿಸಿವೆ. ವಿದ್ಯುತ್ ವಾಹನದ ಬ್ಯಾಟರಿಯಲ್ಲಿ ಮರಳಿ ಪಡೆಯಬೇಕಾದದ್ದು 2024-25ರಲ್ಲಿ ನೂರಕ್ಕೆ 70, ಮರುವರ್ಷ 80, 2026-27ರಿಂದ 90. ಹೊಸ ಬ್ಯಾಟರಿಯಲ್ಲಿ ಹಳೆಯದರಿಂದ ಬಂದ ವಸ್ತು 2027-28ಕ್ಕೆ ನೂರಕ್ಕೆ 5 ಇರಬೇಕು, 2030-31ಕ್ಕೆ 20. ಒಳ್ಳೆಯ ನಿಯಮ, ನಾನು ಮನಸಾರೆ ಸ್ವಾಗತಿಸಿದವನು. ಆದರೆ ಆ 90 ಒಟ್ಟು ತೂಕದ ಲೆಕ್ಕ. ಒಂದು ಯೂನಿಟ್ ಹಿಡಿಯುವ ಬ್ಯಾಟರಿಯಲ್ಲಿ ಲಿಥಿಯಂ ಸುಮಾರು 100 ಗ್ರಾಂ ಮಾತ್ರ. 40 ಯೂನಿಟ್ಟಿನ ಕಾರಿನ ಪೆಟ್ಟಿಗೆ ಇನ್ನೂರೈವತ್ತು ಮುನ್ನೂರು ಕಿಲೋ ತೂಗಿದರೆ, ಅದರಲ್ಲಿ ಲಿಥಿಯಂ ನಾಲ್ಕು ಕಿಲೋ. ಅಷ್ಟನ್ನೂ ಚೆಲ್ಲಿ, ಉಳಿದದ್ದನ್ನು ಮರಳಿಸಿ 90ರ ಗೆರೆ ದಾಟಲು ಲೆಕ್ಕದಲ್ಲಿ ಜಾಗವಿದೆ. ಯುರೋಪಿನ 2023ರ ಕಾನೂನು ಲಿಥಿಯಂಗೆ ಬೇರೆಯೇ ಗೆರೆ ಎಳೆದಿದೆ: 2027ರ ಕೊನೆಗೆ ನೂರಕ್ಕೆ 50, 2031ಕ್ಕೆ 80. ನಮಗೂ ಹಾಗೆ ಲೋಹವಾರು ಲೆಕ್ಕ ಬೇಕು.

ನಮ್ಮ ನಿಯಮದಲ್ಲಿ ಹೊಣೆ ತೀರಿಸಿದ್ದಕ್ಕೆ ಪ್ರಮಾಣಪತ್ರ ಕೊಡುವ ಪದ್ಧತಿಯ ಬಗ್ಗೆಯೂ ನನಗೆ ಆತಂಕವಿದೆ. ಪ್ಲಾಸ್ಟಿಕ್‌ಗೆ ಇಂಥದೇ ಪದ್ಧತಿ ಬಂದಾಗ, 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 6 ಲಕ್ಷದಷ್ಟು ಸುಳ್ಳು ಪ್ರಮಾಣಪತ್ರಗಳನ್ನು ಪತ್ತೆ ಮಾಡಿತು. ಕಾಗದದಲ್ಲಿ ಪುಡಿಯಾದ ಬ್ಯಾಟರಿ ನಿಜವಾಗಿ ಯಾವುದೋ ಗೋದಾಮಿನ ಮೂಲೆಯಲ್ಲಿ ಕೂತಿದ್ದರೆ, ಅದು ಬಿಸಿಲಿಗೆ ಕಾದು ಹೊತ್ತಿಕೊಳ್ಳುವ ದಿನ ನಮಗೆ ತಿಳಿಯುತ್ತದೆ.

ಅದೇ ಯುರೋಪಿನ ಕಾನೂನು 2027ರ ಫೆಬ್ರವರಿ 18ರಿಂದ ಪ್ರತಿ ವಿದ್ಯುತ್ ವಾಹನದ ಬ್ಯಾಟರಿಗೂ ಒಂದು ಪಾಸ್‌ಪೋರ್ಟ್ ಇರಬೇಕು ಅನ್ನುತ್ತದೆ. ಮೈಮೇಲಿನ ಕ್ಯೂಆರ್ ಗುರುತಿಗೆ ಫೋನು ಹಿಡಿದರೆ ಎಲ್ಲಿ ತಯಾರಾಯಿತು, ಯಾವ ರಸಾಯನ, ಎಷ್ಟು ಶಕ್ತಿ ಉಳಿದಿದೆ ಎಂಬುದು ತಿಳಿಯಬೇಕಾದವರಿಗೆ ತಿಳಿಯುತ್ತದೆ. ಓದಿದಾಗ ನನಗೆ ನಗು ಬಂತು, ಸಂತೋಷದ ನಗು. ಬಿ.ಎಚ್. ರಸ್ತೆಯ ರಿಜಿಸ್ಟರು ಬ್ರಸೆಲ್ಸಿನಲ್ಲಿ ಕಾನೂನಾಗಿ ಬಂದಿದೆ. ನಮ್ಮ ಗುಜರಿಯವನ ಕೈಗೂ ಅದು ಸಿಗಬೇಕು, ಅವನಿಗೆ ಕನ್ನಡದಲ್ಲಿ ಓದಲು ಬರುವಂತಿರಬೇಕು. ಬೆಂಗಳೂರಿನ ಜಾಲಿ ಮೊಹಲ್ಲಾದ, ಗೌರಿಪಾಳ್ಯದ ಗುಜರಿ ಅಂಗಡಿಗಳಲ್ಲಿ ಕೂತ ಹುಡುಗರಿಗೆ ತಾಮ್ರ ಹಿತ್ತಾಳೆಗಳನ್ನು ಸದ್ದಿನಿಂದಲೇ ಗುರುತಿಸುವ ಕಸುಬು ಗೊತ್ತು. ಲಿಥಿಯಂ ಪೆಟ್ಟಿಗೆ ತಲುಪುವುದು ಮೊದಲು ಅವರ ಕೈಗೇ. ಅವರನ್ನು ಹೊರಗಿಟ್ಟು ಕಟ್ಟುವ ಯಾವ ವ್ಯವಸ್ಥೆಯೂ ನಿಲ್ಲುವುದಿಲ್ಲ. ಅವರಿಗೆ ತರಬೇತಿ, ಗವಸು, ಮರಳು, ಪೆಟ್ಟಿಗೆಯನ್ನು ಒಡೆಯದೆ ತಂದೊಪ್ಪಿಸಿದರೆ ಒಡೆದು ಮಾರುವುದಕ್ಕಿಂತ ಹೆಚ್ಚು ಹಣ, ಇಷ್ಟು ಸಿಕ್ಕರೆ ಸೀಸದ ತೋಪು ಮತ್ತೆ ಹುಟ್ಟುವುದಿಲ್ಲ.

ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣದ ಬಂಡೆಗಳಲ್ಲಿ ಲಿಥಿಯಂ ಸಿಕ್ಕಿತು ಎಂಬ ಸುದ್ದಿಗೆ ನಾವೆಲ್ಲ ಹಿಗ್ಗಿದ್ದೆವು. ಅಣು ಖನಿಜ ನಿರ್ದೇಶನಾಲಯದ ಅಂದಾಜು 1,600 ಟನ್. ಅಷ್ಟೂ ಶುದ್ಧ ಲಿಥಿಯಂ ಎಂದೇ ಹಿಡಿದು, ಒಂದು ಗ್ರಾಮೂ ಪೋಲಾಗದೆ ತೆಗೆದರೂ, ಕಾರಿಗೆ ನಾಲ್ಕು ಕಿಲೋದಂತೆ 4 ಲಕ್ಷ ಕಾರುಗಳಿಗೆ ಮುಗಿಯಿತು. ಅದಕ್ಕಾಗಿ ಹೊಲ ಅಗೆಯಬೇಕು, ಬಂಡೆ ಸಿಡಿಸಬೇಕು. 4 ಲಕ್ಷ ಹಳೆಯ ಕಾರುಗಳ ಪೆಟ್ಟಿಗೆಗಳನ್ನು ಕಳೆಯದೆ ಕೂಡಿಟ್ಟರೆ ಅದೇ ಲಿಥಿಯಂ ಬಂಡೆಯ ಗೊಡವೆಯಿಲ್ಲದೆ ಕೈಗೆ ಬರುತ್ತದೆ.

ಹಳೆಯ ಪೆಟ್ಟಿಗೆಗೆ ಎರಡನೇ ಬಾಳು ಕಟ್ಟುವ ಒಳ್ಳೆಯ ಕೈಗಳೂ ನಮ್ಮಲ್ಲಿಯೇ ಇವೆ. ಬೆಂಗಳೂರು ಮತ್ತು ಬರ್ಲಿನ್‌ಗಳಲ್ಲಿ ನೆಲೆಯಿರುವ ನುನಮ್ ಎಂಬ ಪುಟ್ಟ ಸಂಸ್ಥೆ 2022ರಲ್ಲಿ ಆಡಿ ಇ-ಟ್ರಾನ್ ಪರೀಕ್ಷಾ ಕಾರುಗಳ ಹಳೆಯ ಬ್ಯಾಟರಿಗಳಿಂದ ಮೂರು ಇ-ರಿಕ್ಷಾಗಳನ್ನು ಕಟ್ಟಿತು. ಜರ್ಮನಿಯ ಶ್ರೀಮಂತ ಕಾರಿನಿಂದ ಇಳಿದ ಬ್ಯಾಟರಿ ಇಲ್ಲಿ ಹೆಣ್ಣುಮಕ್ಕಳ ಸರಕನ್ನು ಸಂತೆಗೆ ಎಳೆಯಲಿ ಎಂಬುದು ಅವರ ಉದ್ದೇಶವಾಗಿತ್ತು.

ನೆರೆಮನೆಯ ಹುಡುಗನ ಪೆಟ್ಟಿಗೆ ಏನಾಯಿತು ಎಂದು ನೀವು ಕೇಳಬಹುದು. ಬಿಎಂಎಸ್‌ನ ಬೀಗ ತೆಗೆಯಲಾಗದೆ ಅದನ್ನು ಸ್ಕೂಟರಿಗೆ ಮರಳಿಸಲು ಆಗಲಿಲ್ಲ. ಸೋರುವ ಎರಡು ಸೆಲ್ ತೆಗೆದು, ಅದೇ ವಯಸ್ಸಿನ ಇನ್ನೊಂದು ಕೆಟ್ಟ ಪೆಟ್ಟಿಗೆಯಿಂದ ಅಳೆದು ಆರಿಸಿದ ಎರಡನ್ನು ಕೂರಿಸಿ, ಬೇರೊಂದು ಬಿಎಂಎಸ್ ಹಾಕಿ, ಉಕ್ಕಿನ ಡಬ್ಬಿಯಲ್ಲಿ ಕಾಲೇಜಿನ ವಾಚನಾಲಯದ ಹೊರಗೋಡೆಗೆ ಇಟ್ಟಿದ್ದೇವೆ. ಕರೆಂಟ್ ಹೋದರೆ ಎಂಟು ದೀಪ, ಎರಡು ಫ್ಯಾನು ಅದರಿಂದ ನಡೆಯುತ್ತವೆ. ಡಬ್ಬಿಯ ಮುಚ್ಚಳದ ಒಳಮೈಗೆ ಒಂದು ಉದ್ದ ಹಾಳೆ ಅಂಟಿಸಿದ್ದೇವೆ. ಪ್ರತಿ ಭಾನುವಾರ ಒಬ್ಬ ವಿದ್ಯಾರ್ಥಿ ಮೀಟರು ಹಿಡಿದು 14 ಗುಂಪುಗಳ ಅಂಕಿಯನ್ನು ಬರೆದು ಸಹಿ ಹಾಕುತ್ತಾನೆ. ಕಳೆದ ವಾರ ಹನ್ನೆರಡನೆಯ ಗುಂಪು ಉಳಿದವಕ್ಕಿಂತ 0.02 ವೋಲ್ಟ್ ಕೆಳಗಿತ್ತು. ಹಿಂದಿನ ವಾರವೂ ಅಷ್ಟೇ ಇತ್ತು. ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟು ಬಂದಿದ್ದೇನೆ.